ಮಕ್ಕಳೊಡನೆ ಬೆಟ್ಟ ಹತ್ತುವುದು

(ಸಂಘದ ಕುಟುಂಬ ಸ್ನೇಹಕೂಟದಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತರನ್ನು ವೇದಿಕೆ ಹತ್ತಿಸುವುದು ಅಪಾಯದ ಕೆಲಸ. ಕೂಡುವುದು ಕಳೆಯುವುದರ ಹೊರತು ನಮಗೆ ಬೇರೆ ಮಾತು ಬಾರದೆಂದು ಲೋಕದ ನಂಬಿಕೆ. ಬಿ.ಕಾಂ. ಓದಿದವರಿಂದ ಸಾಹಿತ್ಯವನ್ನಾಗಲಿ ಇತಿಹಾಸವನ್ನಾಗಲಿ ಯಾರೂ ಬಯಸುವುದಿಲ್ಲ. ಆದರೂ ನಮ್ಮ ಕಾರ್ಯದರ್ಶಿಗಳು ಬಿಡಲಿಲ್ಲ. "ನೀವು ನಾಲ್ಕು ಮನೆಯವರು ರಜೆ ಬಂತೆಂದರೆ ಮಕ್ಕಳನ್ನು ಕಟ್ಟಿಕೊಂಡು ಬೆಟ್ಟ ಹತ್ತುತ್ತೀರಂತೆ. ಅದನ್ನೇ ಬಂದು ಹೇಳಿ" ಎಂದು ಅಪ್ಪಣೆಯಾಯಿತು. ಆದುದರಿಂದ ಈ ಮಾತಿನಲ್ಲಿ 'ನಾವು' ಎಂದು ಬಂದಾಗಲೆಲ್ಲ ಅದು ದೊಡ್ಡಸ್ತಿಕೆಯ 'ನಾವು' ಅಲ್ಲವೆಂದು ತಿಳಿಯಬೇಕು. ನಾಲ್ಕು ಮನೆ, ಎಂಟು ಮಂದಿ ಹಿರಿಯರು, ಏಳು ಮಕ್ಕಳು ಸೇರಿ ಆದ 'ನಾವು' ಇದು.

ನಾಲ್ಕು ಮನೆಗಳಲ್ಲಿ ಒಂದು ಗದಗಿನದು, ಒಂದು ಉಡುಪಿಯದು, ಒಂದು ವಿಜಯಪುರದ್ದು, ನಮ್ಮದು ತುಮಕೂರಿನ ಕಡೆಯದು. ಹೊಟ್ಟೆಪಾಡು ನಮ್ಮನ್ನೆಲ್ಲ ಈ ಪುಣೆ ಪಟ್ಟಣಕ್ಕೆ ತಂದು ಹಾಕಿದೆ. ಭಾನುವಾರ ಬಂದರೆ ನಮ್ಮ ಮನೆಗಳಲ್ಲಿ ನಡೆಯುತ್ತಿದ್ದುದು ಇಷ್ಟೇ: ದೊಡ್ಡವರು ಒಂದು ಮೂಲೆಯಲ್ಲಿ ಮೊಬೈಲು ಹಿಡಿದು ಕುಳಿತಿರುವುದು, ಮಕ್ಕಳು ಇನ್ನೊಂದು ಮೂಲೆಯಲ್ಲಿ ಮತ್ತೊಂದು ಮೊಬೈಲು ಹಿಡಿದು ಕುಳಿತಿರುವುದು, ನಡುವೆ "ಊಟಕ್ಕೆ ಬನ್ನಿ" ಎಂಬ ಒಂದು ಕೂಗು. ನಾವು ಕನ್ನಡದಲ್ಲಿ ಕೇಳಿದರೆ ಮಕ್ಕಳಿಂದ ಉತ್ತರ ಬರುತ್ತಿದ್ದುದು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ. ಇದನ್ನು ಕುರಿತು ನಾವು ಬಹಳ ವ್ಯಥೆಪಡುತ್ತಿದ್ದೆವು. ವ್ಯಥೆಪಡುವುದಕ್ಕೆ ಖರ್ಚಿಲ್ಲವಷ್ಟೆ.

ಮೊದಲು ಹೊರಟದ್ದು ಪರ್ವತಿಗೆ. ಪೇಶ್ವೆ ಬಾಳಾಜಿ ಬಾಜೀರಾಯರು ಕಟ್ಟಿಸಿದ ಗುಡಿ ಅದು. ಊರ ನಡುವೆಯೇ ಇದೆ. ಹತ್ತಲು ನೂರಮೂರು ಮೆಟ್ಟಿಲು ಎಂದು ಹೇಳುತ್ತಾರೆ. ನಮ್ಮ ಏಳು ಮಕ್ಕಳೂ ಎಣಿಸಿದರು. ಏಳು ಲೆಕ್ಕ ಬಂದವು. ತಾಳೆ ನೋಡುವ ಕೆಲಸ ಸಹಜವಾಗಿಯೇ ಬ್ಯಾಂಕಿನವರ ಪಾಲಿಗೆ ಬಂದು, ನಾವು ಇಳಿದು ಮತ್ತೆ ಹತ್ತಬೇಕಾಯಿತು. ನಮ್ಮ ಲೆಕ್ಕ ಎಷ್ಟು ಬಂದಿತೆಂಬುದನ್ನು ಇಲ್ಲಿ ಹೇಳುವುದಿಲ್ಲ. ಆದರೆ ಆ ದಿನ ಒಂದು ಗುಟ್ಟು ತಿಳಿಯಿತು. "ಮೇಲಕ್ಕೆ ಹೋಗೋಣ ಬಾ" ಎಂದರೆ ಮಗುವಿಗೆ ಕಾಲು ನೋಯುತ್ತದೆ. "ಎಣಿಸೋಣ ಬಾ" ಎಂದರೆ ನೋಯುವುದಿಲ್ಲ.

ಎರಡನೆಯ ಪಾಠಶಾಲೆ ವೇತಾಳ ಟೇಕಡಿ. ಇದೂ ಊರೊಳಗೇ. ಮುಂಜಾನೆ ಆರೂವರೆಗೆ ಹೊರಟರೆ ಒಂಬತ್ತಕ್ಕೆ ಮನೆಗೆ ಬಂದು ಸ್ನಾನ ಮಾಡಬಹುದು. ನವಿಲು ಕೂಗುವುದು ಕೇಳಿಸುತ್ತದೆ, ಒಮ್ಮೊಮ್ಮೆ ಕಾಣಿಸುತ್ತದೆ. ಇಲ್ಲಿ ನಮ್ಮಲ್ಲಿ ಒಂದು ದೊಡ್ಡ ಜಗಳವಾಯಿತು. ಮಗಳು ಕೇಳಿದಳು: "ಅಪ್ಪಾ, ಟೇಕಡಿಗೆ ಕನ್ನಡದಲ್ಲಿ ಏನು?"

"ಬೆಟ್ಟ" ಎಂದೆವು ನಾವು. ನಮ್ಮದು ದೇವರಾಯನದುರ್ಗದ ಬೆಟ್ಟ ಹತ್ತಿ ಬೆಳೆದ ಕಾಲು.

"ಇದಕ್ಕ ಬೆಟ್ಟ ಅಂತಾರೇನ್ರೀ? ಗುಡ್ಡ ಅನ್ರಿ" ಎಂದರು ಗದಗಿನವರು. ಅವರ ಹಿಂದೆ ಕಪ್ಪತಗುಡ್ಡವೇ ನಿಂತಿತ್ತು.

"ಗುಡ್ಡೆ ಮಾರಾಯ್ರೆ, ಗುಡ್ಡೆ" ಎಂದರು ಉಡುಪಿಯವರು.

ವಿಜಯಪುರದವರು ಸುತ್ತ ನೋಡಿ, "ನಮ್ಮ ಕಡೆ ಭೂಮಿ ಸಪಾಟ ಐತ್ರೀ. ನೀವ್ ಏನಂತೀರೋ ಅದ" ಎಂದುಬಿಟ್ಟರು. ತೀರ್ಪು ಆಗಲಿಲ್ಲ. ಆದರೆ ಇಳಿದು ಬರುವಷ್ಟರಲ್ಲಿ ಮಕ್ಕಳ ಬಾಯಲ್ಲಿ ಬೆಟ್ಟ, ಗುಡ್ಡ, ದಿಬ್ಬ, ಇಳಿಜಾರು, ಕಣಿವೆ, ಹಾಸುಬಂಡೆ ಎಂದು ಅರ್ಧ ಡಜನ್ ಮಾತು ಇದ್ದವು. ಮನೆಯಲ್ಲಿ ಕೂರಿಸಿ ಕಲಿಸಿದ್ದರೆ ಅರ್ಧ ವರ್ಷ ಬೇಕಾಗುತ್ತಿತ್ತು. ಮನೆಯಲ್ಲಿ ಕಣಿವೆಯೆಲ್ಲಿದೆ, ತೋರಿಸುವುದಕ್ಕೆ?

ಸಿಂಹಗಡ ಮೂರನೆಯದು. ಸಮುದ್ರಮಟ್ಟದಿಂದ ಸುಮಾರು 1,300 ಮೀಟರು. 1670ರಲ್ಲಿ ತಾನಾಜಿ ಮಾಲುಸರೆ ಪ್ರಾಣಕೊಟ್ಟು ಗೆದ್ದ ಕೋಟೆಯೆಂದು ನಮ್ಮ ಮಕ್ಕಳು ಶಾಲೆಯಲ್ಲಿ ಓದಿದ್ದಾರೆ. ಆದ್ದರಿಂದ ಇಲ್ಲಿ ಮಕ್ಕಳೇ ಗುರುಗಳು, ನಾವು ಶಿಷ್ಯರು. ಗಾಡಿ ಹೋಗುವ ದಾರಿಯೂ ಉಂಟು. ಆತಕರವಾಡಿಯಿಂದ ನಡೆದು ಹತ್ತುವ ದಾರಿಯೂ ಉಂಟು. ಎಂಟು ವರ್ಷ ದಾಟಿದ ಮಕ್ಕಳು ಎರಡು ಎರಡೂವರೆ ಗಂಟೆಯಲ್ಲಿ ಕುಳಿತು ಎದ್ದು ಹತ್ತಿಬಿಡುತ್ತಾರೆ. ಅದಕ್ಕಿಂತ ಚಿಕ್ಕವರಿದ್ದರೆ ಗಾಡಿಯ ದಾರಿಯಲ್ಲಿ ಮೇಲೆ ಹೋಗಿ ಕೋಟೆಯೊಳಗೆ ನಡೆದಾಡಿದರೆ ಸಾಕು. ಮೇಲೆ ಹೆಂಗಸರು ಸೌದೆಯ ಒಲೆಯ ಮೇಲೆ ಭಾಕರಿ ತಟ್ಟಿ ಪಿಠಲೆಯೊಡನೆ ಕೊಡುತ್ತಾರೆ. ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಮೊಸರು ಕೊಡುತ್ತಾರೆ. ಗದಗಿನವರ ಹೆಂಡತಿ ಒಂದು ತುತ್ತು ಬಾಯಿಗಿಟ್ಟು, "ಇದು ನಮ್ಮ ಜುಣಕದ ತಂಗಿ ನೋಡ್ರಿ" ಎಂದರು. ಎರಡು ನಾಡಿನ ಸಂಬಂಧವನ್ನು ಇದಕ್ಕಿಂತ ಚೆನ್ನಾಗಿ ಯಾವ ಪಂಡಿತರೂ ಹೇಳಲಾರರು.

ಇಷ್ಟಾದ ಮೇಲೆ ನಮಗೆ ಧೈರ್ಯ ಹೆಚ್ಚಿತು. ಧೈರ್ಯ ಹೆಚ್ಚಿದಲ್ಲಿ ಎಚ್ಚರ ಕಡಮೆಯಾಗುತ್ತದೆ. ಈಗ ಹೇಳುವ ಸಂಗತಿಯನ್ನು ಬಿಟ್ಟುಬಿಡಬಹುದಾಗಿತ್ತು. ಸಂತೋಷಕೂಟದಲ್ಲಿ ಇದೇಕೆ ಎಂದು ನಮ್ಮವರೇ ಒಬ್ಬರು ಹೇಳಿದರು. ಆದರೆ ಜಮೆಯನ್ನು ಮಾತ್ರ ತೋರಿಸಿ ಖರ್ಚನ್ನು ಮುಚ್ಚಿಡುವುದು ನಮ್ಮ ಕಸುಬಿಗೆ ಒಪ್ಪುವುದಿಲ್ಲ.

2023ರ ಆಗಸ್ಟ್ ತಿಂಗಳ ಒಂದು ಭಾನುವಾರ ಲೋಹಗಡಕ್ಕೆ ಹೋದೆವು. ಪುಣೆಯಿಂದ ಲೋಣಾವಳೆಯ ಲೋಕಲ್ ಗಾಡಿ ಹಿಡಿದು ಮಳವಲಿಯಲ್ಲಿ ಇಳಿದರೆ ಭಾಜೆಯ ಮೇಲೆ ದಾರಿ. 1,033 ಮೀಟರಿನ ಕೋಟೆ. ಒಂದರ ಹಿಂದೊಂದು ನಾಲ್ಕು ಬಾಗಿಲು, ಉದ್ದಕ್ಕೂ ಕಲ್ಲಿನ ಮೆಟ್ಟಿಲು. ತುದಿಯಲ್ಲಿ ಬಂಡೆಯ ಒಂದು ಉದ್ದನೆಯ ಚಾಚು. ಮರಾಠಿಯಲ್ಲಿ ವಿಂಚೂಕಾಟಾ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ಚೇಳಿನ ಕೊಂಡಿ. 2025ರ ಜುಲೈಯಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮರಾಠರ ಹನ್ನೆರಡು ಕೋಟೆಗಳಲ್ಲಿ ಇದೂ ಒಂದು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕೋಟೆಯಿಲ್ಲ. ಆದರೆ ಆ ದಿನ ಇದಕ್ಕಿಂತ ಕೆಟ್ಟ ದಿನವಿರಲಿಲ್ಲ. ಮಳೆಗಾಲದ ಭಾನುವಾರ ಪುಣೆಯೂ ಮುಂಬಯಿಯೂ ಅರ್ಧರ್ಧ ಅಲ್ಲಿಗೇ ಬಂದಿರುತ್ತವೆ ಎಂಬುದು ನಮಗೆ ತಿಳಿದಿರಲಿಲ್ಲ. ಮೆಟ್ಟಿಲಿನ ಮೇಲೆ ಹೆಜ್ಜೆಯಿಡಲು ಜಾಗವಿಲ್ಲ. ಕಲ್ಲೆಲ್ಲ ಪಾಚಿ. ಮೇಲೆ ಮಂಜು ಹೇಗೆ ಕವಿಯಿತೆಂದರೆ ಚಾಚಿದ ಕೈ ಕಾಣದು.

ಇಳಿದು ಬಂದು ಕೆಳಗಿನ ಬಾಗಿಲಿನ ಬಳಿ ನಿಂತು ನೋಡಿದರೆ ಮಕ್ಕಳು ಆರು ಮಂದಿ. ಗದಗಿನವರ ಹುಡುಗ, ಏಳು ವರ್ಷದವನು, ಇಲ್ಲ. ಅವನು ನಮ್ಮ ಜೊತೆ ಇದ್ದಾನೆಂದು ಅವರು, ಅವರ ಜೊತೆ ಇದ್ದಾನೆಂದು ನಾವು. ಬ್ಯಾಂಕಿನಲ್ಲಿ ಸಂಜೆ ಹತ್ತು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಎಂಟರವರೆಗೂ ಕುಳಿತು ಹುಡುಕುವ ನಾವು, ನಡುವೆ ಒಮ್ಮೆಯೂ ಮಕ್ಕಳನ್ನು ಎಣಿಸಿರಲಿಲ್ಲ.

ಇಬ್ಬರು ಕೆಳಗೆ ಉಳಿದು ಮಿಕ್ಕವರೆಲ್ಲ ಮೇಲಕ್ಕೆ ಓಡಿದೆವು. ಜನ ಇಳಿಯುತ್ತಿದ್ದಾರೆ, ನಾವು ಹತ್ತುತ್ತಿದ್ದೇವೆ. ಮಂಜಿನಲ್ಲಿ ಎಲ್ಲ ಕಡೆಯಿಂದಲೂ ಕೂಗು. ಮರಾಠಿಯಲ್ಲಿ ಕೂಗುವವರು, ಹಿಂದಿಯಲ್ಲಿ ಕೂಗುವವರು, ಸುಮ್ಮನೆ ಮೋಜಿಗಾಗಿ ಕೂಗುವವರು. ಅದರ ನಡುವೆ ಆ ತಾಯಿ ಕೂಗಿದರು: "ತಮ್ಮಾ, ಎಲ್ಲಿ ಅದಿಯೋ!" ಒಂದು ಸಲವಲ್ಲ, ಪ್ರತಿ ತಿರುವಿನಲ್ಲೂ. ಇಪ್ಪತ್ತೈದು ನಿಮಿಷವಾಗಿತ್ತು. ಮೇಲಿನ ಬಾಗಿಲಿನ ಹತ್ತಿರ, ಮಂಜಿನ ಒಳಗಿನಿಂದ, ಒಂದು ಚಿಕ್ಕ ಗಂಟಲು ಉತ್ತರ ಕೊಟ್ಟಿತು: "ಅವ್ವಾ, ಇಲ್ಲೇ ಅದೀನಿ!"

ಜೋಳದ ತೆನೆ ಸುಡುತ್ತಿದ್ದ ಒಬ್ಬ ಅಜ್ಜಿ ಅವನನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಸೆರಗನ್ನೇ ತಲೆಗೆ ಹೊದಿಸಿದ್ದಳು. "ನಿಂತಲ್ಲೇ ನಿಲ್ಲು, ತಾಯಿ ಬರುತ್ತಾಳೆ" ಎಂದು ಮರಾಠಿಯಲ್ಲಿ ಹೇಳಿ ಅವನನ್ನು ಹಿಡಿದು ನಿಲ್ಲಿಸಿದವಳು ಅವಳೇ. ಕೊಟ್ಟ ಹಣವನ್ನು ಅವಳು ಮುಟ್ಟಲಿಲ್ಲ. ಕೊನೆಗೆ ಹದಿನೈದು ತೆನೆ ಕೊಂಡೆವು. ಅದಕ್ಕೆ ಮಾತ್ರ ದುಡ್ಡು ತೆಗೆದುಕೊಂಡಳು.

ಆ ಹುಡುಗ ಅಲ್ಲಿಯವರೆಗೆ ಮನೆಯಲ್ಲಿ ಒಂದು ಪೂರ್ಣ ಕನ್ನಡ ವಾಕ್ಯ ಆಡಿದವನಲ್ಲ. "ಇವಗ ಬರೂದೇ ಇಲ್ಲ" ಎಂದು ಅವರ ತಂದೆ ನಮ್ಮೊಡನೆ ಎಷ್ಟೋ ಸಲ ಹೇಳಿಕೊಂಡಿದ್ದರು. ಅಂದು ಗಾಡಿಯಲ್ಲಿ ಬರುವಾಗ ಅವನನ್ನೇ ಕೇಳಿದೆವು, ಅಷ್ಟು ಗದ್ದಲದಲ್ಲಿ ಹೇಗೆ ತಿಳಿಯಿತೋ ಎಂದು. "ಎಲ್ಲಾರೂ ಕೂಗತಿದ್ರು. ಅವ್ವ ಒಬ್ಬಾಕಿನೇ ಹಂಗ ಕೂಗಿದ್ದು" ಎಂದ. ತಂದೆ ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತರು. ನಮ್ಮಲ್ಲಿ ಯಾರೂ ಮಾತನಾಡಲಿಲ್ಲ.

ಮೂರು ತಿಂಗಳು ನಾವು ಬೆಟ್ಟದ ಹೆಸರೆತ್ತಲಿಲ್ಲ. ಆ ಮೂರು ತಿಂಗಳಲ್ಲಿ ಕುಳಿತು ಕೆಲವು ಕಟ್ಟಳೆಗಳನ್ನು ಮಾಡಿಕೊಂಡೆವು. ಇವು ಪುಸ್ತಕದಿಂದ ಬಂದವಲ್ಲ, ಭಯದಿಂದ ಬಂದವು. ಹೊರಡುವ ಮನಸ್ಸಿರುವವರು ಬರೆದುಕೊಳ್ಳಬಹುದು.

ಮೊದಲನೆಯದು, ಎಣಿಕೆ. ಹೊರಡುವಾಗ, ಪ್ರತಿ ತಂಗುವಿಕೆಯಲ್ಲಿ, ಪ್ರತಿ ಬಾಗಿಲಿನಲ್ಲಿ ತಲೆ ಎಣಿಸುವುದು. ಎಣಿಸುವವರು ಒಬ್ಬರೇ ಇರಬೇಕು. ಎಲ್ಲರೂ ನೋಡಿಕೊಳ್ಳುತ್ತಾರೆ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ ಎಂದೇ ಅರ್ಥ. ಮಕ್ಕಳ ಜೇಬಿನಲ್ಲಿ ತಂದೆತಾಯಿಯ ಮೊಬೈಲು ನಂಬರು ಬರೆದ ಚೀಟಿಯಿರಲಿ. ದಾರಿ ತಪ್ಪಿದರೆ ನಿಂತಲ್ಲೇ ನಿಲ್ಲಬೇಕೆಂದು ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿರಬೇಕು.

ಎರಡನೆಯದು, ನಡಿಗೆ. ಎಲ್ಲರಿಗಿಂತ ನಿಧಾನವಾದ ಮಗು ಮುಂದೆ ನಡೆಯಬೇಕು, ಒಬ್ಬ ದೊಡ್ಡವರ ಜೊತೆಯಲ್ಲಿ. ಎಲ್ಲರ ಹಿಂದೆ ಇನ್ನೊಬ್ಬ ದೊಡ್ಡವರು. ಚುರುಕಾದವರನ್ನು ಮುಂದೆ ಬಿಟ್ಟರೆ ಅವರು ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತಾರೆ. ಹಿಂದಿನ ಮಗು ಬಂದು ಮುಟ್ಟಿದೊಡನೆ ಎಲ್ಲರೂ ಏಳುತ್ತಾರೆ. ಹೆಚ್ಚು ದಣಿದ ಮಗುವಿಗೇ ವಿರಾಮವಿಲ್ಲವೆಂದರೆ ಅದೆಂಥ ನ್ಯಾಯ?

ಮೂರನೆಯದು, ಕಾಲ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಸಹ್ಯಾದ್ರಿ ಮಕ್ಕಳದು. ಮಳೆ ನಿಂತ ಹೊಸದರಲ್ಲಿ ಹುಲ್ಲು ಇನ್ನೂ ಹಸುರಾಗಿರುತ್ತದೆ, ಸೋನಕಿಯ ಹಳದಿ ಹೂ ಇಳಿಜಾರಿನ ತುಂಬ ಇರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಕಪ್ಪು ಕಲ್ಲು ಹೆಂಚಿನಂತೆ ಕಾಯುತ್ತದೆ. ಜೋರು ಮಳೆಯ ದಿನಗಳಲ್ಲಿ ಪಾಚಿ, ಮಂಜು, ಸಿಡಿಲು. ನೀರಿನ ವಿಷಯದಲ್ಲಂತೂ ಸಲಿಗೆ ಬೇಡ. 2024ರ ಜೂನ್ 30ರಂದು ಲೋಣಾವಳೆಯ ಭುಶಿ ಅಣೆಕಟ್ಟೆಯ ಬಳಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಕಾಲು ತೊಳೆಯುವಷ್ಟು ಇದ್ದ ನೀರು ಮೇಲೆಲ್ಲೋ ಮಳೆ ಬಿದ್ದರೆ ಕೆಲವೇ ಕ್ಷಣಗಳಲ್ಲಿ ಸೊಂಟ ಮುಟ್ಟುತ್ತದೆ. ಮಳೆಗಾಲದ ತೊರೆಯನ್ನು ದಡದಲ್ಲಿ ನಿಂತು ನೋಡಬೇಕು, ಅಷ್ಟೆ.

ನಾಲ್ಕನೆಯದು, ಚೀಲ. ಅರ್ಧ ದಿನಕ್ಕೆ ತಲೆಗೆ ಒಂದು ಲೀಟರಿಗೆ ಕಡಮೆಯಿಲ್ಲದಂತೆ ನೀರು. ಚಪಾತಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ, ಬೆಲ್ಲ, ಬಾಳೆಹಣ್ಣು. ಹೊಸ ಬೂಟು ಬೆಟ್ಟಕ್ಕೆ ಬೇಡ. ಮನೆಯಲ್ಲಿ ಹತ್ತು ದಿನ ಹಾಕಿ ಪಳಗಿದ್ದು ಆಗಬೇಕು, ಅಡಿ ಸವೆದದ್ದು ಆಗಬಾರದು. ಮಂಗಗಳೆದುರು ಚೀಲ ಬಿಚ್ಚಬೇಡಿ. ಗುಹೆಗಳ ಬಳಿ, ಕೋಟೆಯ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಅಲ್ಲಿ ಕೂಗಾಟ, ಹೊಗೆ, ಕಲ್ಲೆಸೆತ ಕೂಡದು. ತಂದ ಕಾಗದ, ಸೀಸೆ, ಸಿಪ್ಪೆ ಎಲ್ಲ ಅದೇ ಚೀಲದಲ್ಲಿ ಮನೆಗೆ ಮರಳಬೇಕು.

ಐದನೆಯದು, ಹಿಂದಿರುಗುವ ಗಳಿಗೆ. ಇದನ್ನು ಕೆಳಗೇ ನಿಶ್ಚಯಿಸಿಬಿಡಬೇಕು. ಹನ್ನೊಂದು ಎಂದರೆ ಹನ್ನೊಂದು. ಶಿಖರ ನೂರು ಹೆಜ್ಜೆ ದೂರವಿದ್ದರೂ ತಿರುಗುವುದು. ಇದು ಮಕ್ಕಳಿಗಲ್ಲ, ತಂದೆಯರಿಗಾಗಿ ಮಾಡಿದ ಕಟ್ಟಳೆ. ಬೆಟ್ಟ ಗೆಲ್ಲಬೇಕೆಂಬ ಹಟ ಮಕ್ಕಳಿಗಿರುವುದಿಲ್ಲ. ಅವರಿಗೆ ದಾರಿಯಲ್ಲಿ ಸಿಕ್ಕ ಒಂದು ಓತಿಕೇತ ಸಾಕು.

ಈ ಕಟ್ಟಳೆಗಳನ್ನು ಹಿಡಿದು, ಮಕ್ಕಳ ಒತ್ತಾಯ ತಾಳಲಾರದೆ, ಅದೇ ಡಿಸೆಂಬರಿನಲ್ಲಿ ಮತ್ತೆ ಮಳವಲಿಯಲ್ಲಿ ಇಳಿದೆವು. ಈ ಸಲ ಕೋಟೆ ಬೇಡ, ಗುಹೆ ಸಾಕು ಎಂದು. ನಿಲ್ದಾಣದ ಒಂದು ಕಡೆ ಭಾಜೆ, ಇನ್ನೊಂದು ಕಡೆ ಕಾರ್ಲೆ. ಎರಡೂ ಬೌದ್ಧ ಭಿಕ್ಷುಗಳಿಗಾಗಿ ಬಂಡೆಯಲ್ಲಿ ಕೊರೆದವು. ಭಾಜೆ ಹಳೆಯದು, ಕ್ರಿಸ್ತನಿಗೆ ಹಿಂದಿನ ಎರಡನೆಯ ಶತಮಾನದ್ದು. ಅಲ್ಲಿ ಭಿಕ್ಷುಗಳು ಮಲಗುತ್ತಿದ್ದ ಕಲ್ಲಿನ ಮಂಚಗಳಿವೆ. ಮಕ್ಕಳು ಒಬ್ಬೊಬ್ಬರಾಗಿ ಮಲಗಿ ನೋಡಿ, ದಿಂಬಿಲ್ಲವೆಂದು ದೂರಿದರು.

ಕಾರ್ಲೆಗೆ ಸುಮಾರು ಮುನ್ನೂರೈವತ್ತು ಮೆಟ್ಟಿಲು. ಮೇಲೆ ಏಕವೀರಾದೇವಿಯ ಗುಡಿಯೂ ಇರುವುದರಿಂದ ಜನಸಂದಣಿಯುಂಟು. ಬೆಳಗ್ಗೆ ಬೇಗ ಹೋಗುವುದು ಲೇಸು. ದೊಡ್ಡ ಚೈತ್ಯದೊಳಗೆ ಕಾಲಿಟ್ಟೊಡನೆ ನಮ್ಮ ಏಳು ಮಂದಿಯ ಸದ್ದು ತಾನಾಗಿ ಅಡಗಿತು. ಸುಮಾರು 45 ಅಡಿ ಅಗಲ, 124 ಅಡಿ ಉದ್ದ. ಎರಡು ಸಾಲು ಕಂಬ. ಕಂಬದ ತಲೆಯ ಮೇಲೆ ಆನೆ, ಆನೆಯ ಮೇಲೆ ಗಂಡುಹೆಣ್ಣುಗಳ ಜೋಡಿ. ಮೇಲಿನ ಕಮಾನಿಗೆ ಮರದ ಪಕ್ಕೆಗಳನ್ನು ಜೋಡಿಸಿದ್ದಾರೆ. ಸುಮಾರು ಎರಡು ಸಾವಿರ ವರ್ಷದ ಮರ ಇನ್ನೂ ನಿಂತಿದೆ.

ಅಲ್ಲಿನ ಶಾಸನಗಳಲ್ಲಿ ದಾನ ಕೊಟ್ಟವರ ಹೆಸರುಗಳಿವೆ. ಒಂದು ಶಾಸನದ ತಾತ್ಪರ್ಯ ಇದು: ಜಂಬೂದ್ವೀಪದಲ್ಲಿಯೇ ಉತ್ತಮವಾದ ಈ ಕಲ್ಲುಮನೆಯನ್ನು ವೈಜಯಂತಿಯ ಸೆಟ್ಟಿ ಭೂತಪಾಲನು ಪೂರೈಸಿದನು. ಬರಹ ಪ್ರಾಕೃತದಲ್ಲಿದೆ, ಲಿಪಿ ಬ್ರಾಹ್ಮಿ. ವೈಜಯಂತಿಯೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಬನವಾಸಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಕದಂಬರು ರಾಜಧಾನಿ ಮಾಡಿಕೊಂಡ ಬನವಾಸಿ. ಪಂಪನಿಗೆ ಪ್ರಿಯವಾದ ಬನವಾಸಿ. ಭೂತಪಾಲನ ಕಾಲ ಇಬ್ಬರಿಗಿಂತಲೂ ಎಷ್ಟೋ ಹಿಂದಿನದು. ಮನೆಯಲ್ಲಿ ಅವನು ಯಾವ ಮಾತನಾಡುತ್ತಿದ್ದನೆಂದು ಶಾಸನ ಹೇಳುವುದಿಲ್ಲ. ಹೇಳದುದನ್ನು ನಾವು ಸೇರಿಸುವುದೂ ಬೇಡ. ಆದರೆ ಐನೂರು ಕಿಲೋಮೀಟರಿನಷ್ಟು ದೂರದ ಊರಿನವನೊಬ್ಬನು, ರೈಲಿಲ್ಲದ ಕಾಲದಲ್ಲಿ, ಈ ಘಟ್ಟದ ವ್ಯಾಪಾರದ ದಾರಿಯ ಬಳಿ ತನ್ನ ಗಳಿಕೆಯನ್ನು ಸುರಿದು, ತನ್ನ ಹೆಸರಿನ ಜೊತೆಗೆ ತನ್ನ ಊರಿನ ಹೆಸರನ್ನೂ ಕಲ್ಲಿನಲ್ಲಿ ಬರೆಸಿದ ಎಂಬುದು ನಿಜ.

ಇದನ್ನು ಮಕ್ಕಳಿಗೆ ನಮಗೆ ಬಂದಂತೆ ಹೇಳಿದೆವು. ನಮ್ಮ ಮಗಳು ಕಂಬದ ಬುಡದಲ್ಲಿ ಕುಳಿತು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಕೇಳಿದಳು, ಕನ್ನಡದಲ್ಲಿಯೇ: "ಅಪ್ಪಾ, ಅವನಿಗೂ ಟ್ರಾನ್ಸ್‌ಫರ್ ಆಗಿತ್ತಾ?"

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಆ ಪ್ರಶ್ನೆ ಮೆಟ್ಟಿಲಿಳಿಯುವಾಗಲೂ ಜೊತೆಯಲ್ಲಿ ಬಂತು. ವರ್ಗವಾಗಿ ಬಂದ ಊರು ಎಂದು ನಾವು ಹನ್ನೊಂದು ವರ್ಷದಿಂದ ಈ ಪಟ್ಟಣದಲ್ಲಿ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚದೆ ಬಾಳುತ್ತಿದ್ದೇವೆ. ಇಲ್ಲಿಯ ಬೆಟ್ಟ ಯಾರದೋ, ಇಲ್ಲಿಯ ಕೋಟೆ ಯಾರದೋ, ನಮ್ಮದೆಲ್ಲ ಊರಿನಲ್ಲಿದೆ ಎಂದು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಮಕ್ಕಳಿಗೆ ಆ ಊರು ವರ್ಷಕ್ಕೆ ಹದಿನೈದು ದಿನದ್ದು. ಈ ಊರು ಅವರದಲ್ಲವೆಂದು ನಾವೇ ಹೇಳಿಬಿಟ್ಟರೆ ಅವರು ನಿಲ್ಲುವುದೆಲ್ಲಿ? ತೆನೆ ಸುಡುವ ಅಜ್ಜಿ ಯಾವ ಊರಿನವನೆಂದು ಕೇಳಿ ಸೆರಗು ಹೊದಿಸಲಿಲ್ಲ. ಸೆಟ್ಟಿ ಭೂತಪಾಲ ಇಲ್ಲಿ ಕಟ್ಟಿದ, ವೈಜಯಂತಿಯನ್ನು ಮರೆಯಲಿಲ್ಲ. ಎರಡನ್ನೂ ಒಟ್ಟಿಗೆ ಮಾಡಬಹುದೆಂದು ಆ ಕಲ್ಲು ಹೇಳುತ್ತಿದೆ.

ಮಾತು ಉದ್ದವಾಯಿತು, ಹಿಂದಿನ ಸಾಲಿನಿಂದ ಕಾಫಿಯ ಪರಿಮಳ ಬರುತ್ತಿದೆ. ಕೊನೆಯದಾಗಿ ಒಂದು ಪ್ರಕಟಣೆ. ಬರುವ ಭಾನುವಾರ ಬೆಳಗ್ಗೆ ಆರೂವರೆಗೆ ಪರ್ವತಿಯ ಬುಡದಲ್ಲಿ ನಾವು ನಾಲ್ಕು ಮನೆಯವರು ಸೇರುತ್ತೇವೆ. ಐದನೆಯ ಮನೆಗೂ ಆರನೆಯ ಮನೆಗೂ ಸ್ವಾಗತ. ಮುದುಕರಿದ್ದರೆ ಅವರನ್ನೂ ಕರೆತನ್ನಿ. ಮಕ್ಕಳಿಗೂ ಅವರಿಗೂ ನಡಿಗೆ ಸರಿಹೊಂದುತ್ತದೆ. ಚಟ್ನಿಪುಡಿ ನಮ್ಮದು, ಚಪಾತಿ ನಿಮ್ಮದು. ಮೆಟ್ಟಿಲು ಎಷ್ಟೆಂಬುದನ್ನು ಅಂದು ಎಲ್ಲರೂ ಕೂಡಿ ಎಣಿಸಿ, ಲೆಕ್ಕವನ್ನು ಒಮ್ಮೆಗೇ ತಾಳೆ ಮಾಡಿಬಿಡೋಣ. ಎಣಿಕೆ ಕನ್ನಡದಲ್ಲಿ ಎಂಬುದೊಂದೇ ಷರತ್ತು.